ಒಂದೇ ನಂಬರಿನ ಎರಡು ಸ್ವಿಚ್: ಜಿಎಂ ಇಗ್ನಿಷನ್ ಪ್ರಕರಣದ ಪೂರ್ತಿ ಕತೆ

2010ರ ಮಾರ್ಚ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಯುವತಿಯೊಬ್ಬರು ಕಾರು ಅಪಘಾತದಲ್ಲಿ ತೀರಿಹೋದರು. ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ಜನರಲ್ ಮೋಟಾರ್ಸ್ (ಜಿಎಂ) ಕಂಪನಿ ತಯಾರಿಸಿದ ಅವರ 2005ರ ಶೆವರ್ಲೆ ಕೋಬಾಲ್ಟ್ ಜಾರಿ, ಎದುರಿನಿಂದ ಬರುತ್ತಿದ್ದ ಕಾರಿಗೆ ಅಡ್ಡ ಬಂತು. ನೋಡಿದವರಿಗೆ ಕಾರಣ ಹುಡುಕುವ ಅಗತ್ಯವೇ ಇಲ್ಲ ಅನ್ನಿಸುವಂಥ ಅಪಘಾತ. ಆದರೆ ಕೆಲವೇ ದಿನ ಮುಂಚೆ ಅದೇ ಕಾರು ಓಡುತ್ತಿರುವಾಗಲೇ ಆಫ್ ಆಗಿತ್ತು. ರಿಪೇರಿಗೆ ಕೊಟ್ಟು, ಸರಿಯಾಗಿದೆ ಅಂತ ವಾಪಸ್ ತಂದಿದ್ದರು. ತಂದೆತಾಯಿಗೆ ಈ ವಿಷಯ ಗೊತ್ತಿತ್ತು. ಮಗಳ ಡ್ರೈವಿಂಗೇ ಕಾರಣ ಅನ್ನುವುದನ್ನು ಅವರು ಒಪ್ಪಲಿಲ್ಲ. ಲ್ಯಾನ್ಸ್ ಕೂಪರ್ ಎಂಬ ವಕೀಲರ ಬಳಿ ಹೋದರು.

ಕೂಪರ್ ಮೊದಲು ತೆಗೆಸಿದ್ದು, ಅಪಘಾತದ ಹೊತ್ತಿನ ವಿವರ ದಾಖಲಿಸುವ ಕಾರಿನ ಬ್ಲಾಕ್ ಬಾಕ್ಸ್‌ನ ಮಾಹಿತಿ. ಡಿಕ್ಕಿಗೆ ಕೆಲವು ಸೆಕೆಂಡ್ ಮೊದಲು ಕೀ, ಎಂಜಿನ್ ಓಡುವ ‘ರನ್’ನಿಂದ ಎಂಜಿನ್ ನಿಂತು ರೇಡಿಯೊದಂಥವು ಮಾತ್ರ ನಡೆಯುವ ‘ಆಕ್ಸೆಸರಿ’ಗೆ ಬಂದಿತ್ತು ಅಂತ ಅದರಲ್ಲಿ ದಾಖಲಾಗಿತ್ತು. ಹೆದ್ದಾರಿಯ ವೇಗದಲ್ಲಿ ಹೋಗುತ್ತಿರುವಾಗ ಯಾರೂ ಬೇಕಂತಲೇ ಕೀ ತಿರುಗಿಸುವುದಿಲ್ಲ, ಅಲ್ವಾ? ಹಾಗಾದರೆ ಕೀ ತಾನಾಗಿಯೇ ತಿರುಗಿದ್ದು ಹೇಗೆ?

ಕೂಪರ್ ನೇಮಿಸಿದ ಮಾರ್ಕ್ ಹುಡ್ ಎಂಬ ಎಂಜಿನಿಯರ್ ಆ ಕಾರಿನ ಇಗ್ನಿಷನ್ ಸ್ವಿಚ್, ಅಂದರೆ ಕೀ ತಿರುಗಿಸಿದಾಗ ಕೆಲಸ ಮಾಡುವ ಸ್ವಿಚ್ ಬಿಚ್ಚಿದರು. ಅಳತೆ ತೆಗೆದರು, ಫೋಟೊ ತೆಗೆದರು, ಎಕ್ಸ್‌ರೇ ಮಾಡಿದರು. ಸುಲಭವಾಗಿ ಏನೂ ಸಿಗಲಿಲ್ಲ. ಕೊನೆಗೆ ಜಿಎಂ ಡೀಲರ್ ಬಳಿ ಅದೇ ಪಾರ್ಟ್ ನಂಬರಿನ ಹೊಸ ಸ್ವಿಚ್ ಒಂದನ್ನು ಕೊಂಡು ತಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೊಸದರಲ್ಲಿ, ಕೀಯನ್ನು ಜಾಗದಲ್ಲಿ ಹಿಡಿದಿಡುವ ಪ್ಲಂಜರ್ ಎಂಬ ಒಳಗಿನ ಸಣ್ಣ ಕಡ್ಡಿ ಉದ್ದವಾಗಿತ್ತು, ಸ್ಪ್ರಿಂಗ್ ಬಿಗಿಯಾಗಿತ್ತು. ವ್ಯತ್ಯಾಸ ಕೇವಲ 1.6 ಮಿಲಿಮೀಟರ್. ಯಾರೋ ಎಲ್ಲೋ ಈ ಸ್ವಿಚ್ ಸರಿಮಾಡಿದ್ದರು. ಸರಿಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ನಂಬರ್ ಮಾತ್ರ ಹಳೆಯದೇ ಇತ್ತು: 10392423.

ಕಾರಿನಲ್ಲಿ ದೋಷ ಬರುವುದು ಹೊಸದಲ್ಲ. ಸಾವಿರಾರು ಬಿಡಿಭಾಗ ಇರುವ ವಸ್ತುವಿನಲ್ಲಿ ಎಲ್ಲೋ ಒಂದು ಕಡೆ ತಪ್ಪು ಆಗಿಯೇ ಆಗುತ್ತದೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಇಲ್ಲಿ ದೋಷ ಮೊದಲಿನಿಂದಲೂ ಕಣ್ಣೆದುರೇ ಇತ್ತು. ಅದನ್ನು ಯಾವ ಪಟ್ಟಿಗೆ ಸೇರಿಸಿದರು, ಯಾವ ನಂಬರಿನ ಅಡಿಯಲ್ಲಿ ಸರಿಮಾಡಿದರು ಎಂಬ ಎರಡು ಕಚೇರಿ ತೀರ್ಮಾನಗಳಿಂದ ಅದು ಹತ್ತು ವರ್ಷಕ್ಕೂ ಜಾಸ್ತಿ ಕಾಲ ಮರೆಯಾಗಿ ಉಳಿಯಿತು.

ಸ್ವಿಚ್‌ನ ಕೆಲಸ

ಕೀ ತಿರುಗಿಸಿದಾಗ ಒಂದೊಂದು ಜಾಗದಲ್ಲಿ ‘ಟಕ್’ ಅಂತ ಕೂರುತ್ತದಲ್ಲ, ಆ ಹಿಡಿತವೇ ಇಲ್ಲಿನ ವಿಷಯ. ಸ್ವಿಚ್‌ನೊಳಗೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಪ್ಲಂಜರ್ ಒಂದು ಕುಳಿಯಲ್ಲಿ ಇಳಿದು ಕೀಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ದಾಟಿಸಲು ಬೇಕಾದ ತಿರುಚುವ ಬಲ ಕನಿಷ್ಠ 15 ನ್ಯೂಟನ್-ಸೆಂಟಿಮೀಟರ್ ಇರಬೇಕು ಎಂದು ಜಿಎಂನ ಸ್ವಂತ ನಿಯಮವೇ ಹೇಳಿತ್ತು. ಡೆಲ್ಫೈ ಕಂಪನಿ ಮಾಡಿಕೊಟ್ಟ ಸ್ವಿಚ್‌ಗಳು ಪರೀಕ್ಷೆಯಲ್ಲಿ ತೋರಿಸಿದ್ದು 4ರಿಂದ 10ರಷ್ಟು ಮಾತ್ರ.

ಈ ಅಂಕಿಯನ್ನು ತೂಕಕ್ಕೆ ತಿರುಗಿಸಿ ನೋಡೋಣ. ಕೀ ತಿರುಗುವ ನಡುಬಿಂದುವಿನಿಂದ ಎರಡು ಸೆಂಟಿಮೀಟರ್ ಆಚೆ ಭಾರ ಎಳೆಯುತ್ತಿದೆ ಅಂದುಕೊಳ್ಳಿ. ನಿಯಮದ ಪ್ರಕಾರದ ಸ್ವಿಚ್ ಆದರೆ ಸುಮಾರು 750 ಗ್ರಾಂ ಎಳೆತ ತಡೆಯಬೇಕಿತ್ತು. ಕೆಟ್ಟ ಸ್ವಿಚ್‌ಗೆ 200 ಗ್ರಾಂ ಸಾಕು. ಮನೆಯ ಕೀ, ಆಫೀಸಿನ ಕೀ, ಒಂದು ಚಂದದ ಕೀಚೈನ್ ಇದ್ದು, ರಸ್ತೆಯಲ್ಲಿ ಒಂದು ಗುಂಡಿಯ ಕುಲುಕಾಟ ಸೇರಿದರೆ ಅಷ್ಟು ಆಗಿಬಿಡುತ್ತದೆ. ಅದರ ಮೇಲೆ ಈ ಕಾರುಗಳಲ್ಲಿ ಕೀ ಹಾಕುವ ಜಾಗ ಕೆಳಗಿತ್ತು, ಮೊಣಕಾಲು ತಗಲುತ್ತಿತ್ತು. ಕೀಯ ತಲೆಯಲ್ಲಿ ತೂತಿನ ಬದಲು ಉದ್ದನೆಯ ಕಿಂಡಿ ಇತ್ತು. ಗೊಂಚಲು ಒಂದು ತುದಿಗೆ ಜಾರಿ ಇನ್ನೂ ಜಾಸ್ತಿ ಎಳೆಯುತ್ತಿತ್ತು.

2002ರಲ್ಲಿ ಈ ಸ್ವಿಚ್‌ಗೆ ಒಪ್ಪಿಗೆ ಕೊಟ್ಟವರು ಜಿಎಂ ಎಂಜಿನಿಯರ್ ರೇ ಡಿಜಾರ್ಜಿಯೊ. ಹಿಡಿತ ಕಡಿಮೆ ಇದೆ ಅಂತ ಡೆಲ್ಫೈ ಅವರಿಗೆ ತಿಳಿಸಿತ್ತು. ಆಗ ಸ್ವಿಚ್‌ನ ವಿದ್ಯುತ್ ಭಾಗದಲ್ಲೂ ತೊಂದರೆ ಮೇಲೆ ತೊಂದರೆ. ಅವರ ಗಮನವೆಲ್ಲ ಅದರ ಮೇಲಿತ್ತು. ಒಂದು ಇಮೇಲ್‌ನಲ್ಲಿ ಅವರು ಇದನ್ನು ‘ನರಕದ ಸ್ವಿಚ್’ ಎಂದೇ ಕರೆದಿದ್ದರು. ಹಿಡಿತ ಬಿಗಿ ಮಾಡಲು ಹೋಗಿ ವಿದ್ಯುತ್ ಭಾಗ ಮತ್ತೆ ಕೆಡುವುದಾದರೆ ಇರುವಂತೆಯೇ ಬಿಡಿ ಎಂಬುದು ಅವರ ತೀರ್ಮಾನ. ಆ ಸ್ವಿಚ್ 2003ರ ಮಾಡೆಲ್ ಸ್ಯಾಟರ್ನ್ ಐಯಾನ್‌ಗೆ ಹೋಯಿತು. ಆಮೇಲೆ ಕೋಬಾಲ್ಟ್, ಎಚ್‌ಎಚ್‌ಆರ್, ಪಾಂಟಿಯಾಕ್ ಜಿ5, ಸಾಲ್ಸ್‌ಟಿಸ್, ಸ್ಯಾಟರ್ನ್ ಸ್ಕೈ ಕಾರುಗಳಿಗೂ ಹೋಯಿತು.

ಕೀ ಜಾರಿದರೆ ಎಂಜಿನ್ ನಿಲ್ಲುತ್ತದೆ. ಪವರ್ ಸ್ಟೀರಿಂಗ್ ಹೋಗುತ್ತದೆ. ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ವಿಷಯವನ್ನು ಯಾರೂ ಜೋಡಿಸಿ ನೋಡಲಿಲ್ಲ. ಕೀ ‘ರನ್’ನಲ್ಲಿ ಇಲ್ಲದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಹಾಗೆ ಕಾರಿನ ವ್ಯವಸ್ಥೆಯನ್ನೇ ಮಾಡಲಾಗಿತ್ತು. ನಿಂತ ಕಾರಿನಲ್ಲಿ ಕೂತವರಿಗೆ ಸುಮ್ಮನೆ ಏರ್‌ಬ್ಯಾಗ್ ಬಡಿಯಬಾರದು ಎಂಬುದು ಅದರ ಉದ್ದೇಶ. ಅದನ್ನು ರೂಪಿಸಿದ್ದು ಜಿಎಂ, ಕಾಗದದ ಮೇಲೆ ಬರೆದಿಟ್ಟಿದ್ದೂ ಜಿಎಂ. ಆದರೂ ಸ್ವಿಚ್ ನೋಡುವವರು ಸ್ವಿಚ್ ನೋಡಿದರು, ಏರ್‌ಬ್ಯಾಗ್ ನೋಡುವವರು ಏರ್‌ಬ್ಯಾಗ್ ನೋಡಿದರು. ಕಾರು ಅಪಾಯಕ್ಕೆ ಸಿಲುಕುವ ಗಳಿಗೆಯಲ್ಲೇ, ಕಾಪಾಡಬೇಕಾದ ವಸ್ತುವೂ ಕೆಲಸ ನಿಲ್ಲಿಸುತ್ತಿತ್ತು.

ಅನುಕೂಲದ ಪಟ್ಟಿ

ಕೋಬಾಲ್ಟ್ ಮಾರುಕಟ್ಟೆಗೆ ಬರುವ ಹೊತ್ತಿಗೇ, 2004ರಲ್ಲಿ, ಪರೀಕ್ಷಾ ಓಟದಲ್ಲಿದ್ದ ಜಿಎಂ ಎಂಜಿನಿಯರ್ ಒಬ್ಬರ ಮೊಣಕಾಲು ಕೀಗೆ ತಗಲಿ ಕಾರು ಆಫ್ ಆಯಿತು. ದೂರು ದಾಖಲಾಯಿತು. 2005ರಲ್ಲಿ ಮತ್ತೆ ದಾಖಲಾಯಿತು. ಪತ್ರಿಕೆಗಳಲ್ಲಿ ಹೊಸ ಕಾರಿನ ವಿಮರ್ಶೆ ಬರೆಯುವವರೂ ಆ ವರ್ಷವೇ ಇದನ್ನು ಬರೆದರು. ಜಿಎಂ ಒಳಗೆ ಪರಿಹಾರಗಳ ಚರ್ಚೆ ನಡೆಯಿತು. ಸ್ವಿಚ್ ಬಿಗಿ ಮಾಡಬಹುದು, ಕೀಯ ಕಿಂಡಿಯನ್ನು ಸಣ್ಣ ತೂತು ಮಾಡಬಹುದು. ಒಂದು ಪ್ರಸ್ತಾವದ ಲೆಕ್ಕ ಹೀಗಿತ್ತು: ಪ್ರತಿ ಕಾರಿಗೆ ಸುಮಾರು 90 ಸೆಂಟ್ ಖರ್ಚು, ವಾರಂಟಿಯಲ್ಲಿ ಉಳಿಯುವುದು 10ರಿಂದ 15 ಸೆಂಟ್. ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಜಾಸ್ತಿ, ಯಾವ ಪರಿಹಾರವೂ ವ್ಯವಹಾರದ ಲೆಕ್ಕಕ್ಕೆ ಕೂರುವುದಿಲ್ಲ ಎಂಬ ಅರ್ಥದ ಷರಾ ಬರೆದು ಕಡತ ಮುಚ್ಚಿದರು.

90 ಸೆಂಟ್‌ನ ಈ ಮಾತನ್ನು ಕೇಳಿದವರಿಗೆಲ್ಲ ಸಿಟ್ಟು ಬರುತ್ತದೆ. ನನಗೂ ಬಂತು. ಆದರೆ ದುಡ್ಡಿಗಿಂತ ದೊಡ್ಡ ತಪ್ಪು ಅದಕ್ಕೂ ಮೊದಲೇ ಆಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಕಾರು ಓಡುವಾಗ ಆಫ್ ಆಗುವುದನ್ನು ಜಿಎಂ ಗ್ರಾಹಕರ ಅನುಕೂಲದ ಸಮಸ್ಯೆ ಎಂದು ವರ್ಗ ಮಾಡಿತ್ತು, ಸುರಕ್ಷತೆಯ ಸಮಸ್ಯೆ ಎಂದಲ್ಲ. ಎಂಜಿನ್ ನಿಂತರೂ ಕಷ್ಟಪಟ್ಟು ಸ್ಟೀರಿಂಗ್ ತಿರುಗಿಸಬಹುದು, ಪಕ್ಕಕ್ಕೆ ತಂದು ನಿಲ್ಲಿಸಬಹುದು ಎಂಬುದು ಅವರ ವಾದ. ಈ ವರ್ಗೀಕರಣ ಆದ ಮೇಲೆ ಉಳಿದದ್ದೆಲ್ಲ ತಾನಾಗಿ ನಡೆಯಿತು. ಸುರಕ್ಷತೆಯ ವಿಷಯವಾದರೆ ಖರ್ಚು ಎಷ್ಟು ಅಂತ ಕೇಳುವ ಹಾಗಿಲ್ಲ, ಮಾಡಲೇಬೇಕು. ಅನುಕೂಲದ ವಿಷಯವಾದರೆ ಖರ್ಚಿನ ಲೆಕ್ಕ ನ್ಯಾಯವಾಗಿಯೇ ಕಾಣುತ್ತದೆ. ಸೀಟಿನ ಬಟ್ಟೆ, ಬಾಗಿಲ ಸದ್ದುಗಳ ಜೊತೆ ಈ ಸ್ವಿಚ್ಚೂ ಸಾಲಿನಲ್ಲಿ ನಿಂತಿತು. ಆ ಸಾಲಿನಲ್ಲಿ ಅದು ಸೋಲಲೇಬೇಕಿತ್ತು.

2005ರ ಡಿಸೆಂಬರ್‌ನಲ್ಲಿ ಡೀಲರ್‌ಗಳಿಗೆ ಒಂದು ಸೂಚನೆ ಹೋಯಿತು. ಕೀಚೈನ್‌ನಿಂದ ಭಾರದ ವಸ್ತು ತೆಗೆಯಲು ಗ್ರಾಹಕರಿಗೆ ಹೇಳಿ. ದೂರು ತಂದವರಿಗೆ ಕೀಯ ಕಿಂಡಿ ಮುಚ್ಚುವ ಪ್ಲಾಸ್ಟಿಕ್ ತುಂಡು ಕೊಡಿ. ದೂರು ತರದವರಿಗೆ ಏನೂ ಇಲ್ಲ. ಕಾರು ಕೊಂಡವರಿಗೆ ಪತ್ರವೂ ಇಲ್ಲ.

ಅಷ್ಟು ಹೊತ್ತಿಗೆ ಸಾವುಗಳು ಶುರುವಾಗಿದ್ದವು. 2005ರ ಜುಲೈನಲ್ಲಿ ಮೇರಿಲ್ಯಾಂಡ್‌ನಲ್ಲಿ 16 ವರ್ಷದ ಹುಡುಗಿಯೊಬ್ಬಳು ಕೋಬಾಲ್ಟ್‌ನಲ್ಲಿ ಸತ್ತಳು. ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. 2006ರ ಅಕ್ಟೋಬರ್‌ನಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಬ್ಬರು ಹದಿಹರೆಯದ ಹುಡುಗಿಯರು ಜೀವ ಕಳೆದುಕೊಂಡರು. ಅಲ್ಲೂ ಏರ್‌ಬ್ಯಾಗ್ ಇಲ್ಲ.

ವಿಸ್ಕಾನ್ಸಿನ್ ಅಪಘಾತವನ್ನು ನೋಡಿದ ಹೆದ್ದಾರಿ ಪೊಲೀಸ್ ಅಧಿಕಾರಿಯ ಕೆಲಸ ನನಗೆ ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡದಾಗಿ ಕಾಣುತ್ತದೆ. ಅವರು ಕಾರು ತಯಾರಿಸುವವರಲ್ಲ. ಕೈಲಿ ಪ್ರಯೋಗಾಲಯ ಇರಲಿಲ್ಲ. ಬ್ಲಾಕ್ ಬಾಕ್ಸ್ ದಾಖಲೆ ನೋಡಿದರು: ಕೀ ಆಕ್ಸೆಸರಿಯಲ್ಲಿತ್ತು. ಡೀಲರ್‌ಗಳಿಗೆ ಹೋದ ಸೂಚನೆಯನ್ನು ಹುಡುಕಿ ತೆಗೆದರು. ಹಿಂದಿನ ದೂರುಗಳನ್ನು ಓದಿದರು. ಕೀ ಜಾರಿದ್ದಕ್ಕೂ ಏರ್‌ಬ್ಯಾಗ್ ಬಿಚ್ಚಿಕೊಳ್ಳದ್ದಕ್ಕೂ ಸಂಬಂಧ ಇರಬೇಕು ಎಂದು 2007ರ ಫೆಬ್ರುವರಿಯ ವರದಿಯಲ್ಲಿ ಬರೆದರು. ಅಪಘಾತವಾಗಿ ನಾಲ್ಕೇ ತಿಂಗಳಿಗೆ. ಆ ವರದಿಯ ಪ್ರತಿ ಜಿಎಂನ ಕಡತದಲ್ಲೇ ಇತ್ತು. ಅದರಲ್ಲಿ ಬರೆದದ್ದನ್ನು ಅರಿತುಕೊಳ್ಳಲು ಕಂಪನಿಗೆ ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಸರ್ಕಾರದ ಕಡೆಯಿಂದಲೂ ಇದೇ ಆಯಿತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯಲ್ಲಿ ಒಬ್ಬ ಅಧಿಕಾರಿ 2007ರಲ್ಲಿ ಕೋಬಾಲ್ಟ್ ಮತ್ತು ಐಯಾನ್ ಏರ್‌ಬ್ಯಾಗ್‌ಗಳ ಬಗ್ಗೆ ತನಿಖೆ ಆಗಬೇಕು ಎಂದರು. ಅವರ ಮುಂದಿದ್ದದ್ದು 29 ದೂರು, 4 ಜೀವಹಾನಿಯ ಅಪಘಾತ, 14 ಕ್ಷೇತ್ರ ವರದಿ. ಬೇರೆ ಕಾರುಗಳಿಗೆ ಹೋಲಿಸಿದರೆ ಇದು ಎದ್ದು ಕಾಣುವಷ್ಟಿಲ್ಲ ಎಂದು ಸಮಿತಿ ಕೈಬಿಟ್ಟಿತು. ಕೀ ಜಾರಿದ ವಿಷಯ ಬರೆದಿದ್ದ ವರದಿ ಆ ಸಂಸ್ಥೆಯ ಬಳಿಯೂ ಇತ್ತು.

ಟೆಕ್ಸಾಸ್‌ನ ಒಂದು ಪ್ರಕರಣವನ್ನು ಬಿಟ್ಟು ಮುಂದೆ ಹೋಗಲಾರೆ. 2004ರ ಕೊನೆಯಲ್ಲಿ ಒಬ್ಬ ಯುವತಿ ಐಯಾನ್ ಓಡಿಸುತ್ತಿದ್ದರು. ಪಕ್ಕದಲ್ಲಿ ಮದುವೆ ನಿಶ್ಚಯವಾಗಿದ್ದ ಹುಡುಗ. ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು, ಹುಡುಗ ಸತ್ತ. ಆಕೆಯ ಮೇಲೆ ಕ್ರಿಮಿನಲ್ ಕೇಸ್ ಬಿತ್ತು. 2007ರಲ್ಲಿ ಆಕೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪವನ್ನು ಒಪ್ಪಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲೇ ಜಿಎಂ ಒಳಗಿನ ಪರಿಶೀಲನೆಯೊಂದು ಕಾರಿನ ವಿದ್ಯುತ್ ಕಡಿದುಹೋದದ್ದೇ ಕಾರಣ ಇರಬಹುದು ಎಂದಿತ್ತು. ಆ ಮಾತು ನ್ಯಾಯಾಲಯಕ್ಕೂ ಹೋಗಲಿಲ್ಲ, ಆಕೆಗೂ ಹೋಗಲಿಲ್ಲ. 2014ರ ನವೆಂಬರ್‌ನಲ್ಲಿ ನ್ಯಾಯಾಧೀಶರು ಆಕೆಯನ್ನು ದೋಷಮುಕ್ತರೆಂದು ಘೋಷಿಸಿದರು. ಹತ್ತು ವರ್ಷ ಆಕೆ, ತಾನು ಪ್ರೀತಿಸಿದವನನ್ನು ತಾನೇ ಕೊಂದೆ ಎಂಬ ಭಾರ ಹೊತ್ತು ಬದುಕಿದ್ದರು. ಯಾವ ಪರಿಹಾರದ ಕೋಷ್ಟಕದಲ್ಲೂ ಇದಕ್ಕೆ ಸಾಲು ಇಲ್ಲ.

2006ರ ಏಪ್ರಿಲ್

ಈಗ ಆ 1.6 ಮಿಲಿಮೀಟರ್‌ಗೆ ಬರೋಣ. 2006ರ ಏಪ್ರಿಲ್ 26ರಂದು ಡಿಜಾರ್ಜಿಯೊ ಒಂದು ಕಾಗದಕ್ಕೆ ಸಹಿ ಹಾಕಿದರು. ಸ್ವಿಚ್‌ಗೆ ಉದ್ದ ಪ್ಲಂಜರ್, ಬಿಗಿ ಸ್ಪ್ರಿಂಗ್ ಹಾಕಲು ಡೆಲ್ಫೈಗೆ ಕೊಟ್ಟ ಒಪ್ಪಿಗೆ ಅದು. ತೊಂದರೆಗೆ ಪರಿಹಾರ ಸಿಕ್ಕಿತು, ಕಾರ್ಖಾನೆಯಲ್ಲಿ ಜಾರಿಗೂ ಬಂತು. ಪಾರ್ಟ್ ನಂಬರ್ ಮಾತ್ರ ಬದಲಾಗಲಿಲ್ಲ.

ಪೀಣ್ಯದ ಯಾವ ಸಣ್ಣ ವರ್ಕ್‌ಶಾಪಿನಲ್ಲಿ ಕೇಳಿದರೂ ಇದು ಎಷ್ಟು ದೊಡ್ಡ ತಪ್ಪು ಅಂತ ಹೇಳುತ್ತಾರೆ. ಅಳತೆ ಬದಲಾದರೆ ಡ್ರಾಯಿಂಗ್‌ನ ರಿವಿಷನ್ ಬದಲಾಗಬೇಕು. ಕೂರುವ ರೀತಿ, ಕೆಲಸ ಮಾಡುವ ರೀತಿ ಬದಲಾದರೆ ಪಾರ್ಟ್ ನಂಬರೇ ಬದಲಾಗಬೇಕು. ಈ ತಿಂಗಳಿನಿಂದ ಹೊಸದು ಬಂತು, ಅದಕ್ಕೂ ಹಿಂದಿನದೆಲ್ಲ ಹಳೆಯದು ಅಂತ ಯಾವಾಗ ಬೇಕಾದರೂ ಗುರುತಿಸಲು ಅದೊಂದೇ ದಾರಿ. ನಂಬರ್ ಬದಲಾಯಿಸಿದ್ದರೆ ಯಾಕೆ ಬದಲಾಯಿತು ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕಿದ್ದರೆ, ಆಗಲೇ ರಸ್ತೆಯಲ್ಲಿದ್ದ ಲಕ್ಷಾಂತರ ಕಾರುಗಳ ಗತಿ ಏನು ಎಂಬ ಮುಂದಿನ ಪ್ರಶ್ನೆಯೂ ಏಳುತ್ತಿತ್ತು.

ಇದರ ಪರಿಣಾಮ ಎರಡು ಕಡೆ ಆಯಿತು. ಮೊದಲನೆಯದು ಬಿಡಿಭಾಗದ ಗೋದಾಮಿನಲ್ಲಿ. ಕೆಟ್ಟ ಸ್ವಿಚ್, ಒಳ್ಳೆಯ ಸ್ವಿಚ್ ಎರಡೂ ಒಂದೇ ನಂಬರಿನ ಪೊಟ್ಟಣದಲ್ಲಿ ಬೆರೆತುಹೋದವು. ಸುಮಾರು 95 ಸಾವಿರ ಕೆಟ್ಟ ಸ್ವಿಚ್‌ಗಳು ಡೀಲರ್ ಮತ್ತು ಸಗಟು ಅಂಗಡಿಗಳಿಗೆ ಮಾರಾಟವಾಗಿದ್ದವು. ಕಾರ್ಖಾನೆಯಿಂದ ಸರಿಯಾದ ಸ್ವಿಚ್‌ನೊಂದಿಗೆ ಬಂದ 2008ರ ನಂತರದ ಕಾರುಗಳಿಗೂ ರಿಪೇರಿ ಹೊತ್ತಿನಲ್ಲಿ ಹಳೆಯ ಸ್ವಿಚ್ ಸೇರಿರುವ ಸಾಧ್ಯತೆ ಹುಟ್ಟಿತು. ಯಾವ ಕಾರಿಗೆ ಯಾವುದು ಹೋಯಿತು ಅಂತ ಬೇರ್ಪಡಿಸಲು ಆಗಲಿಲ್ಲ. 2014ರ ಮಾರ್ಚ್ ಕೊನೆಯಲ್ಲಿ 2011ರವರೆಗಿನ ಮಾಡೆಲ್‌ಗಳನ್ನೂ ವಾಪಸ್ ಕರೆಸಬೇಕಾದದ್ದು ಇದಕ್ಕೇ.

ಎರಡನೆಯದು ತನಿಖೆಯಲ್ಲಿ. ಏರ್‌ಬ್ಯಾಗ್ ಯಾಕೆ ಬಿಚ್ಚಿಕೊಳ್ಳುತ್ತಿಲ್ಲ ಎಂದು ಜಿಎಂ ಎಂಜಿನಿಯರ್‌ಗಳು 2011ರಿಂದ ಹುಡುಕುತ್ತಿದ್ದರು. 2012ರಲ್ಲಿ ಅವರು ಒಂದು ಗುಜರಿಗೆ ಹೋದರು. ಪಕ್ಕದ ಅಂಗಡಿಯಲ್ಲಿ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕೊಂಡು, ಹಳೆಯ ಕಾರುಗಳ ಕೀ ತಿರುಗಿಸಲು ಎಷ್ಟು ಬಲ ಬೇಕು ಅಂತ ಅಳೆದರು. ಹಳೆಯ ಮಾಡೆಲ್‌ಗಳಲ್ಲಿ ಹಿಡಿತ ಸಡಿಲ, 2007ರ ನಂತರದವುಗಳಲ್ಲಿ ಬಿಗಿ. ಉತ್ತರ ಕೈಯಲ್ಲೇ ಇತ್ತು. ಆದರೆ ಸ್ವಿಚ್‌ನಲ್ಲಿ ಅಂಥ ಬದಲಾವಣೆ ಆಗಿಲ್ಲ ಎಂದು ಡಿಜಾರ್ಜಿಯೊ ಹೇಳಿದರು, ಪಾರ್ಟ್ ನಂಬರ್ ಕೂಡ ಅದನ್ನೇ ಹೇಳಿತು. ತನಿಖೆ ದಾರಿ ತಪ್ಪಿತು. ಸಾವಿರಾರು ಕೋಟಿ ಡಾಲರ್ ವಹಿವಾಟಿನ ಕಂಪನಿಯ ಎಂಜಿನಿಯರ್‌ಗಳು ತಮ್ಮದೇ ಕಾರಿನ ಬಿಡಿಭಾಗದ ಚರಿತ್ರೆ ತಿಳಿಯಲು ಗುಜರಿಗೆ ಹೋಗಬೇಕಾಯಿತು. ಹೋದ ಮೇಲೂ ತಮ್ಮ ಅಳತೆಗಿಂತ ದಾಖಲೆಯನ್ನೇ ನಂಬಿದರು.

2013ರ ಏಪ್ರಿಲ್‌ನಲ್ಲಿ ಜಾರ್ಜಿಯಾ ಪ್ರಕರಣದಲ್ಲಿ ಡಿಜಾರ್ಜಿಯೊ ಅವರ ಹೇಳಿಕೆ ಪಡೆಯುವಾಗ ಕೂಪರ್ ಎರಡು ಸ್ವಿಚ್‌ಗಳ ಫೋಟೊ ಮುಂದಿಟ್ಟರು. ಬದಲಾವಣೆ ತಮಗೆ ಗೊತ್ತಿಲ್ಲ ಎಂದರು ಡಿಜಾರ್ಜಿಯೊ. ಜಿಎಂನ ವಕೀಲರು ಆ ಕೋಣೆಯಲ್ಲೇ ಕೂತಿದ್ದರು. ಆ ದಿನದಿಂದ ಕಂಪನಿಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೇ ಇಲ್ಲ. ಜಿಎಂ ಮೊಕದ್ದಮೆಯನ್ನು ರಾಜಿ ಮಾಡಿಕೊಂಡಿತು. 50 ಲಕ್ಷ ಡಾಲರ್‌ಗಿಂತ ದೊಡ್ಡ ರಾಜಿಯಾದರೆ ಮಾತ್ರ ಕಂಪನಿಯ ಮುಖ್ಯ ವಕೀಲರ ಒಪ್ಪಿಗೆ ಬೇಕಿತ್ತು. ಅದಕ್ಕಿಂತ ಸಣ್ಣವು ಕೆಳಗಿನ ಹಂತದಲ್ಲೇ ಮುಗಿಯುತ್ತಿದ್ದವು. ಹೀಗೆ ಸಾವುಗಳು ಒಂದೊಂದಾಗಿ ಬಂದು, ಒಂದೊಂದಾಗಿ ಇತ್ಯರ್ಥವಾಗಿ, ಒಟ್ಟಾಗಿ ಯಾರ ಮೇಜಿನ ಮೇಲೂ ಕೂರಲಿಲ್ಲ. ಡಿಜಾರ್ಜಿಯೊ ಸಹಿ ಇದ್ದ ಕಾಗದ ಡೆಲ್ಫೈನಿಂದ ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನ ಸಭೆ ಇನ್ನಷ್ಟು ಮಾಹಿತಿ ಬೇಕೆಂದು ಮುಂದೂಡಿತು. ಕಾರುಗಳನ್ನು ವಾಪಸ್ ಕರೆಸುವ (ರಿಕಾಲ್) ತೀರ್ಮಾನವಾದದ್ದು 2014ರ ಜನವರಿ 31ರಂದು. ದೋಷ ಗೊತ್ತಾದ ಐದು ಕೆಲಸದ ದಿನಗಳಲ್ಲಿ ಸರ್ಕಾರಕ್ಕೆ ತಿಳಿಸಬೇಕು ಎನ್ನುತ್ತದೆ ಅಮೆರಿಕದ ಕಾನೂನು.

ಫೆಬ್ರುವರಿಯಲ್ಲಿ ಮೊದಲು ಸುಮಾರು 6.19 ಲಕ್ಷ ಕಾರು, ಆಮೇಲೆ ಅದರ ಎರಡರಷ್ಟಕ್ಕೂ ಜಾಸ್ತಿ, ಮಾರ್ಚ್ ಕೊನೆಗೆ ಒಟ್ಟು 26 ಲಕ್ಷ. ಒಂದೇ ಸಲ ಸರಿಯಾಗಿ ಎಣಿಸಲೂ ಆಗದ ಹಾಗೆ ದಾಖಲೆ ಕೆಟ್ಟಿತ್ತು.

ಯಾರು ಹೊಣೆ ಹೊತ್ತರು?

ಮೇರಿ ಬಾರಾ ಜಿಎಂ ಮುಖ್ಯಸ್ಥೆಯಾದದ್ದು 2014ರ ಜನವರಿ 15ಕ್ಕೆ. ಏಪ್ರಿಲ್ 1ಕ್ಕೆ ಅವರು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಹೊರಗಿನ ವಕೀಲ ಆಂಟನ್ ವಲುಕಸ್ ಅವರಿಂದ ತನಿಖೆ ಮಾಡಿಸಿದರು. 300 ಪುಟ ದಾಟಿದ ಆ ವರದಿ ಜೂನ್‌ನಲ್ಲಿ ಹೊರಬಂತು. 15 ಮಂದಿ ಕೆಲಸ ಕಳೆದುಕೊಂಡರು.

ವರದಿಯಲ್ಲಿ ಎರಡು ಅಭ್ಯಾಸಗಳ ವಿವರ ಇದೆ. ಕಂಪನಿಯ ಜನ ಅವಕ್ಕೆ ತಾವೇ ಹೆಸರಿಟ್ಟಿದ್ದರು. ‘ಜಿಎಂ ತಲೆಯಾಡಿಕೆ’ ಅಂದರೆ ಸಭೆಯಲ್ಲಿ ಎಲ್ಲರೂ ಹೂಂ ಅನ್ನುವುದು, ಹೊರಗೆ ಬಂದ ಮೇಲೆ ಯಾರೂ ಏನೂ ಮಾಡದಿರುವುದು. ‘ಜಿಎಂ ಸೆಲ್ಯೂಟ್’ ಅಂದರೆ ಎರಡು ಕೈ ಕಟ್ಟಿ ಬೆರಳನ್ನು ಎರಡೂ ಪಕ್ಕದವರ ಕಡೆ ತೋರಿಸುವುದು. 2008ರ ಒಂದು ತರಬೇತಿಯಲ್ಲಿ ಉದ್ಯೋಗಿಗಳು ಬರವಣಿಗೆಯಲ್ಲಿ ಬಳಸಬಾರದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದರು. ‘ದೋಷ’ ಬೇಡ, ‘ವಿನ್ಯಾಸದಂತೆ ಕೆಲಸ ಮಾಡುವುದಿಲ್ಲ’ ಎನ್ನಿ ಎಂಬ ಥರದ ಸಲಹೆಗಳು. ಎಂಜಿನಿಯರ್ ಒಬ್ಬರು ಅಪಾಯ ಕಂಡರೂ ಅದನ್ನು ಅಪಾಯ ಅಂತ ಬರೆಯುವಂತಿರಲಿಲ್ಲ. ಸುರಕ್ಷತೆಯ ಪಟ್ಟಿಗೆ ಸೇರಬೇಕಾದದ್ದು ಅನುಕೂಲದ ಪಟ್ಟಿಯಲ್ಲೇ ಉಳಿಯಲು ಇದೂ ಒಂದು ಕಾರಣ.

ಡಿಜಾರ್ಜಿಯೊ ತಪ್ಪು ಸಣ್ಣದಲ್ಲ. ಆದರೆ ಎಲ್ಲವನ್ನೂ ಅವರೊಬ್ಬರ ತಲೆಗೆ ಕಟ್ಟುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಒಬ್ಬ ಎಂಜಿನಿಯರ್‌ನ ಸಹಿಯ ಮೇಲೆ ಪ್ರಾಣಕ್ಕೆ ಸಂಬಂಧಿಸಿದ ಭಾಗ ಬದಲಾಗಬಹುದು, ಅದನ್ನು ಇನ್ನೊಬ್ಬರು ನೋಡಬೇಕಿಲ್ಲ ಎಂಬ ವ್ಯವಸ್ಥೆ ಅವರು ಮಾಡಿದ್ದಲ್ಲ.

ದಂಡದ ಲೆಕ್ಕ ನೋಡಿ. 2014ರ ಮೇನಲ್ಲಿ ಎನ್‌ಎಚ್‌ಟಿಎಸ್‌ಎ ಹಾಕಿದ ದಂಡ 3.5 ಕೋಟಿ ಡಾಲರ್. ಆಗಿನ ಕಾನೂನಿನಲ್ಲಿ ಅದೇ ಗರಿಷ್ಠ. 2013ರಲ್ಲಿ ಜಿಎಂ ಆದಾಯ 15,500 ಕೋಟಿ ಡಾಲರ್ ದಾಟಿತ್ತು. ಅಂದರೆ ಕಂಪನಿಯ ಸುಮಾರು ಎರಡು ಗಂಟೆಯ ಆದಾಯ. 2015ರ ಕೊನೆಗೆ ಅಮೆರಿಕ ಈ ಮಿತಿಯನ್ನು 10.5 ಕೋಟಿ ಡಾಲರ್‌ಗೆ ಏರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್ ಪ್ರೀತ್ ಭರಾರಾ ಅವರ ಕಚೇರಿಯೊಂದಿಗೆ ಜಿಎಂ 90 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ದೋಷ ಮುಚ್ಚಿಟ್ಟ ಆರೋಪ ಕಂಪನಿಯ ಮೇಲೆ ಬಂತು, ವಿಚಾರಣೆ ತಡೆಹಿಡಿದರು, 2018ರಲ್ಲಿ ಕೇಸ್ ಕೈಬಿಟ್ಟರು. ಒಬ್ಬ ವ್ಯಕ್ತಿಯ ಮೇಲೂ ಕ್ರಿಮಿನಲ್ ಆರೋಪ ಬರಲಿಲ್ಲ. ಟೆಕ್ಸಾಸ್‌ನ ಆ ಯುವತಿಯ ಮೇಲೆ ಬಂದಿತ್ತು ಎನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಸತ್ತವರ ಲೆಕ್ಕದಲ್ಲೂ ಹೀಗೇ ಆಯಿತು. ಜಿಎಂ ತಾನಾಗಿ ಒಪ್ಪಿದ್ದು 13 ಸಾವು. ಕಂಪನಿಯೇ ಸ್ಥಾಪಿಸಿದ ಪರಿಹಾರ ನಿಧಿಯನ್ನು ಕೆನೆತ್ ಫೈನ್‌ಬರ್ಗ್ ನೋಡಿಕೊಂಡರು. 4,343 ಅರ್ಜಿ ಬಂದವು. 124 ಸಾವು, 275 ಗಾಯದ ಪ್ರಕರಣಗಳನ್ನು ಅವರು ಒಪ್ಪಿದರು. ಪರಿಹಾರದ ಮೊತ್ತ 59.4 ಕೋಟಿ ಡಾಲರ್ ದಾಟಿತು. ಇಷ್ಟು ವ್ಯತ್ಯಾಸ ಯಾಕೆ? ಎಣಿಸುವ ರೀತಿ ಬೇರೆ. ಜಿಎಂ ತನ್ನ ಎಂಜಿನಿಯರ್‌ಗಳು ಒಪ್ಪಿದ ಮುಂಭಾಗದ ಡಿಕ್ಕಿಗಳನ್ನಷ್ಟೇ ಎಣಿಸಿತ್ತು. ಹಿಂದಿನ ಸೀಟಿನಲ್ಲಿದ್ದವರು, ಎದುರಿನ ಕಾರಿನಲ್ಲಿದ್ದವರು, ಪಾದಚಾರಿಗಳು ಕೂಡ ನಿಧಿಗೆ ಅರ್ಜಿ ಹಾಕಬಹುದಿತ್ತು.

ಇನ್ನೊಂದು ಅಡ್ಡಿ 2009ರ ದಿವಾಳಿ. ಹಳೆಯ ಜಿಎಂ ದಿವಾಳಿಯಾಗಿ, ಸರ್ಕಾರವೇ ದೊಡ್ಡ ಪಾಲುದಾರನಾಗಿ ಹೊಸ ಜಿಎಂ ಹುಟ್ಟಿತ್ತು. ಹಳೆಯ ಕಂಪನಿಯ ಹೊಣೆ ಹೊಸದಕ್ಕೆ ಅಂಟುವುದಿಲ್ಲ ಎಂಬ ವಾದವನ್ನು 2015ರಲ್ಲಿ ದಿವಾಳಿ ನ್ಯಾಯಾಲಯ ಬಹುಪಾಲು ಒಪ್ಪಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ತಿರುಗಿಸಿತು: ದೋಷ ಗೊತ್ತಿದ್ದೂ ಕಾರಿನ ಒಡೆಯರಿಗೆ ತಿಳಿಸದೆ ಅವರ ಹಕ್ಕು ಅಳಿಸುವ ಹಾಗಿಲ್ಲ.

ನಮ್ಮ ಕಡೆ

ಕೋಬಾಲ್ಟ್ ಭಾರತದಲ್ಲಿ ಮಾರಾಟಕ್ಕೆ ಬಂದಿರಲಿಲ್ಲ. ಆದರೆ ಅದೇ 2013ರಲ್ಲಿ ಜಿಎಂನ ಭಾರತದ ಶಾಖೆ 1.14 ಲಕ್ಷ ಶೆವರ್ಲೆ ತವೇರಾ ವಾಪಸ್ ಕರೆಸಿತ್ತು. ಹೊಗೆ ಪರೀಕ್ಷೆಯಲ್ಲಿ ಪಾಸಾಗಲು ಮೊದಲೇ ಆರಿಸಿಟ್ಟ ಎಂಜಿನ್ ತೋರಿಸಿದ್ದು ಬಯಲಾಗಿತ್ತು. ಆಗ ನಮ್ಮಲ್ಲಿ ರಿಕಾಲ್‌ಗೆ ಕಾನೂನೇ ಇರಲಿಲ್ಲ, 2012ರಲ್ಲಿ ಕಾರು ತಯಾರಕರ ಸಂಘ ತಾನೇ ಮಾಡಿಕೊಂಡ ನಿಯಮ ಮಾತ್ರ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಕಲಂ ಬಂತು. ವಾಹನ ವಾಪಸ್ ಕರೆಸಿ ಎಂದು ಕೇಂದ್ರ ಸರ್ಕಾರ ಆದೇಶಿಸಬಹುದು ಎಂದಾಯಿತು. 2021ರ ಏಪ್ರಿಲ್‌ನಿಂದ ನಿಯಮ ಜಾರಿಯಲ್ಲಿದೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ.

ಏನೂ ಇಲ್ಲದಿದ್ದ ಕಡೆ ಇಷ್ಟಾದರೂ ಬಂದದ್ದು ಒಳ್ಳೆಯದೇ. ಆದರೆ ಈ ನಿಯಮವನ್ನು ಕೋಬಾಲ್ಟ್ ಪಕ್ಕ ಇಟ್ಟು ನೋಡಿದಾಗ ನನಗೆ ಆತಂಕವಾಗುತ್ತದೆ. ನಮ್ಮ ನಿಯಮ ಮಾದರಿಯ ವಾರ್ಷಿಕ ಮಾರಾಟಕ್ಕೆ ತಕ್ಕ ಹಾಗೆ ಇಂತಿಷ್ಟು ದೂರು ಬರಬೇಕು ಎಂಬ ಲೆಕ್ಕ ಇಟ್ಟಿದೆ. ಬೇರೆ ಮೂಲದ ಮಾಹಿತಿಯಿಂದಲೂ ಸರ್ಕಾರ ಮುಂದುವರಿಯಬಹುದು, ನಿಜ. ಆದರೂ ದೂರಿನ ಎಣಿಕೆಯೇ ಮುಖ್ಯ ಬಾಗಿಲಾದರೆ ಅಪರೂಪಕ್ಕೆ ಕೊಲ್ಲುವ ದೋಷ ಒಳಗೆ ಬರುವುದು ಕಷ್ಟ. 2007ರಲ್ಲಿ ಅಮೆರಿಕದ ಅಧಿಕಾರಿಯ ಕೈಲಿದ್ದದ್ದು 29 ದೂರು. ಸತ್ತವರು ದೂರು ಕೊಡುವುದಿಲ್ಲ. ಕಾರು ಆಫ್ ಆಗಿ ಬದುಕಿದವರು ಮತ್ತೆ ಸ್ಟಾರ್ಟ್ ಮಾಡಿ ಮನೆಗೆ ಹೋಗುತ್ತಾರೆ. ನೀವಾದರೂ ಹಾಗೆ ಮಾಡಬೇಡಿ. ಓಡುವಾಗ ಗಾಡಿ ತಾನಾಗಿ ಆಫ್ ಆದರೆ, ಏರ್‌ಬ್ಯಾಗ್ ದೀಪ ಉರಿದರೆ, ಸರ್ವೀಸ್ ಸೆಂಟರ್‌ನ ಜಾಬ್ ಕಾರ್ಡ್‌ನಲ್ಲಿ ಅದನ್ನು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ರಿಕಾಲ್ ದೂರಿಗೆಂದೇ ಒಂದು ವಿಭಾಗ ಇದೆ, ಅಲ್ಲೂ ದಾಖಲಿಸಿ.

ಇನ್ನೂ ಒಂದು ವಿಷಯ ಇದೆ. ನಮ್ಮ ನಿಯಮ ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಕ್ಕೆ ಮಾತ್ರ. 2005ರ ಕೋಬಾಲ್ಟ್‌ಗೆ ರಿಕಾಲ್ ಬಂದಾಗ ಅದು ರಸ್ತೆಗಿಳಿದು ಒಂಬತ್ತು ವರ್ಷವಾಗಿತ್ತು. 2003ರ ಐಯಾನ್‌ಗೆ ಹತ್ತು ದಾಟಿತ್ತು. ನಮ್ಮ ಗೆರೆ ಅಲ್ಲಿದ್ದಿದ್ದರೆ ಜಾರ್ಜಿಯಾದ ಆ ಕಾರು, ಮೇರಿಲ್ಯಾಂಡ್‌ನ ಕಾರು, ಟೆಕ್ಸಾಸ್‌ನ ಕಾರು ಎಲ್ಲವೂ ಗೆರೆಯ ಆಚೆ. ನಮ್ಮಲ್ಲಿ ಏಳು ವರ್ಷದ ಕಾರನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಎರಡನೇ ಕೈಗೆ, ಮೂರನೇ ಕೈಗೆ ಹೋಗುತ್ತದೆ, ಟ್ಯಾಕ್ಸಿಯಾಗಿ ಓಡುತ್ತದೆ, ಊರಲ್ಲಿ ಮನೆಮಂದಿಯನ್ನೆಲ್ಲ ಹೊತ್ತು ತಿರುಗುತ್ತದೆ. ಈ ವಯಸ್ಸಿನ ಮಿತಿ ಹೋಗಬೇಕು. ಪ್ರಾಣಕ್ಕೆ ಸಂಬಂಧಿಸಿದ ಯಾವ ಬಿಡಿಭಾಗ ಬದಲಾದರೂ ಹೊಸ ನಂಬರ್ ಕೊಟ್ಟು, ಬದಲಾವಣೆಯ ಕಾರಣವನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಸಾಲು ಅದೇ ನಿಯಮಕ್ಕೆ ಸೇರಬೇಕು.